ಹಗುರ ಬಿಲ್ಲೇ ಸಾಕು ಸ್ವಾಮೀ!

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಬಿಲ್ಲು ಬತ್ತಳಿಕೆ ಹಿಡಿದು ನಿಂತಿದ್ದೆ. ಮೂರನೇ ಮಹಡಿಯಲ್ಲಿ ಹತ್ತಿದವರು ಮೇಲಿಂದ ಕೆಳಗೆ ನೋಡಿ, "ಏನು ಸಾಹೇಬರೇ, ಕಾರ್ಪೊರೇಷನ್ ಇಲೆಕ್ಷನ್ನಿಗೆ ನಿಂತ್ರಾ?" ಅಂದರು. ಪುಣೆಗೆ ಬಂದು ಮೂವತ್ತು ವರ್ಷವಾಯಿತು, ಜೋಕು ತಕ್ಷಣ ಅರ್ಥವಾಯಿತು. ಇಲ್ಲಿ ಬಿಲ್ಲು ಬಾಣ ಅಂದರೆ ಮೊದಲು ನೆನಪಾಗುವುದು ಅರ್ಜುನನಲ್ಲ, ಬ್ಯಾಲೆಟ್ ಪೇಪರು!

ಸರಿ, ವಿಷಯಕ್ಕೆ ಬರುತ್ತೇನೆ. ಎರಡು ವರ್ಷ ಕಾಂಪೌಂಡ್ ಬಿಲ್ಲು ಹೊಡೆದೆ. ಎರಡು ತುದಿಗೂ ಗಾಲಿ, ನೋಡಲು ಲೆನ್ಸು, ಹೆದೆ ಬಿಡಲು ಕೈಗೊಂದು ಕೊಕ್ಕೆ. ಅದು ಕೆಟ್ಟದ್ದು ಅನ್ನುತ್ತಿಲ್ಲ ಮತ್ತೆ! ನಮ್ಮ ಪಕ್ಕದ ಸಾತಾರಾದ ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್ನಿನಲ್ಲಿ ಅದೇ ಬಿಲ್ಲಿನಿಂದ, ಹದಿನೇಳನೇ ವಯಸ್ಸಿಗೆ, ವಿಶ್ವ ಚಾಂಪಿಯನ್ ಆದಳು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಬಿಲ್ಲುಗಾರಿಕೆಯಲ್ಲಿ ನಮಗೆ ಬಂದ ಐದು ಚಿನ್ನವೂ ಕಾಂಪೌಂಡಿನದ್ದೇ. ಆದರೆ ನನಗೆ ಬೇಸರ ಬಂತು. ಬ್ಯಾಂಕಿನಲ್ಲಿ ದಿನವಿಡೀ ಮಷೀನು ಹೇಳಿದಂತೆ ಕೇಳುವವನು ಭಾನುವಾರವೂ ಸ್ಕ್ರೂ ತಿರುಗಿಸುತ್ತಾ ಕೂರಬೇಕೇ? ಒಂದು ಕೋಲು, ಒಂದು ಹೆದೆ, ನನ್ನ ಮೂರು ಬೆರಳು, ಅಷ್ಟೇ ಸಾಕು ಅನ್ನಿಸಿತು. ಟ್ರೆಡಿಷನಲ್‌ಗೆ ಹೋಗೋಣ ಅಂತ ತೀರ್ಮಾನಿಸಿದೆ.

(ಟ್ರೆಡಿಷನಲ್ ಅನ್ನುವ ಮಾತೇ ನಗು ತರಿಸುತ್ತದೆ. ಫ್ಯಾಕ್ಟರಿಯಲ್ಲಿ ಫೈಬರ್ ಗ್ಲಾಸು, ಮೇಪಲ್ ಪಟ್ಟಿ ಅಂಟಿಸಿ ಮಾಡಿದ್ದು ನಮಗೆ ಸಾಂಪ್ರದಾಯಿಕ! ನಮ್ಮ ದೇಶದಲ್ಲೇ ಇಂಡಿಯನ್ ರೌಂಡ್ ಅಂತ ಬಿದಿರಿನ ಬಿಲ್ಲಿನ ಸ್ಪರ್ಧೆ ನಡೆಯುತ್ತದೆ, ಅದನ್ನು ಕೇಳುವವರಿಲ್ಲ. ಇರಲಿ.)

ಈಗ ನನ್ನ ದಡ್ಡತನದ ಕತೆ. ಅಂಗಡಿಯವನು "ಸರ್, ನೀವು ಕಾಂಪೌಂಡಿನಲ್ಲಿ 50 ಪೌಂಡ್ ಎಳೀತೀರಿ, ರಿಕರ್ವ್ 40 ನಿಮಗೆ ನೀರು ಕುಡಿದ ಹಾಗೆ" ಅಂದ. ಐವತ್ತಕ್ಕಿಂತ ನಲವತ್ತು ಕಡಿಮೆ ತಾನೇ? ಬಿಕಾಂ ಓದಿದವನು ನಾನು, ತಲೆಯಾಡಿಸಿದೆ. ಬಿಲ್ಲಿಗೆ ಬಿಲ್ಲು ಹದಿನೆಂಟು ಸಾವಿರ!

ಲೆಕ್ಕ ತಪ್ಪಿದ್ದು ಎಲ್ಲಿ ಗೊತ್ತೇ? ಕಾಂಪೌಂಡಿನಲ್ಲಿ ಹೆದೆ ಪೂರ್ತಿ ಎಳೆದ ಮೇಲೆ ಗಾಲಿಗಳು ಮುಕ್ಕಾಲು ಭಾರವನ್ನು ತಾವೇ ಹೊರುತ್ತವೆ. 50ರಲ್ಲಿ ನನ್ನ ಬೆನ್ನಿಗೆ ಉಳಿಯುತ್ತಿದ್ದದ್ದು ಹನ್ನೆರಡೂವರೆ ಪೌಂಡ್, ಅಂದರೆ ಆರು ಕಿಲೋಗೂ ಕಮ್ಮಿ. ರಿಕರ್ವಿನಲ್ಲಿ ಆ ಸಬ್ಸಿಡಿ ಇಲ್ಲ. ಎಳೆದಷ್ಟೂ ಭಾರ, ಗುರಿ ನೋಡುವಾಗಲೇ ಅತಿ ಹೆಚ್ಚು. ಇನ್ನೊಂದು: ಬಿಲ್ಲಿನ ಮೇಲೆ ಬರೆದ ಪೌಂಡು 28 ಇಂಚಿನ ಎಳೆತಕ್ಕೆ. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿ, ಸುಮಾರಾಗಿ ಅದೇ ನಿಮ್ಮ ಎಳೆತ. ನನ್ನದು ಎಪ್ಪತ್ತೆರಡೂವರೆ ಇಂಚು (ಅಮ್ಮ ಆಜಾನುಬಾಹು ಅನ್ನುತ್ತಿದ್ದಳು!), ಭಾಗಿಸಿದರೆ 29. ಒಂದು ಇಂಚು ಹೆಚ್ಚಾದರೆ ಹತ್ತಿರ ಹತ್ತಿರ ಎರಡು ಪೌಂಡು ಹೆಚ್ಚು. ಹೀಗೆ ನಾನು ಹಿಡಿದು ನಿಂತದ್ದು 42 ಪೌಂಡು, ಹತ್ತೊಂಬತ್ತು ಕಿಲೋ. ನಿನ್ನೆಯವರೆಗೆ ಆರು ಕಿಲೋ ಹಿಡಿದಿದ್ದ ಐವತ್ತನಾಲ್ಕರ ಭುಜದ ಮೇಲೆ!

ಮೈದಾನದಲ್ಲಿ ಹದಿಮೂರರ ಒಬ್ಬ ಹುಡುಗಿ ಪಕ್ಕದಲ್ಲೇ ಹೊಡೆಯುತ್ತಾಳೆ. ಮೊದಲ ದಿನವೇ "ಕಾಕಾ, ಹಾತ್ ಥರಥರತೋಯ್" ಅಂದಳು. ಕೈ ನಡುಗುವುದು ನನಗೂ ಕಾಣುತ್ತಿತ್ತು. ರೂಢಿಯಾಗುತ್ತದೆ ಅಂದುಕೊಂಡೆ. ಆರು ವಾರ ಹಾಗೇ ಎಳೆದೆ. ಆಮೇಲೆ ಒಂದು ಬೆಳಿಗ್ಗೆ ಅಂಗಿಯ ತೋಳಿಗೆ ಕೈ ಹೋಗಲಿಲ್ಲ. ಭುಜದ ಸ್ನಾಯು ಊದಿದೆ ಎಂದರು ಡಾಕ್ಟರು. ನಾಲ್ಕು ತಿಂಗಳು ಬಿಲ್ಲು ಬಂದ್. ರಾತ್ರಿ ಬಲಮಗ್ಗುಲಿಗೆ ಮಲಗಲೂ ಆಗದೆ ಫ್ಯಾನು ನೋಡುತ್ತಾ ಮಲಗಿರುತ್ತಿದ್ದೆ. ಮತ್ತೆ ಹೊಡೆಯಲು ಆಗುತ್ತದೋ ಇಲ್ಲವೋ ಅನ್ನುವ ಹೆದರಿಕೆ ಇತ್ತಲ್ಲ, ಅದನ್ನು ಮನೆಯಲ್ಲಿ ಹೇಳಿಕೊಳ್ಳಲಿಲ್ಲ. ಮಡದಿ ಧಾರವಾಡದವಳು, ಹೇಳದೆಯೇ ತಿಳಿದುಕೊಂಡಳು. "ಮಂದಿಗೆ ಸಾಲ ಕೊಡೋ ಮುಂದ ತೀರಸೋ ತಾಕತ್ತು ಐತೋ ಇಲ್ಲೋ ಅಂತ ನೂರು ಸಲ ನೋಡ್ತೀರಿ. ನಿಮ್ಮ ಹೆಗಲಾ ಒಂದು ಸಲಾನೂ ನೋಡ್ಲಿಲ್ಲೇನ್ರೀ?" ಅಂದಳು. ಉತ್ತರ ಇರಲಿಲ್ಲ.

ಈ 40 ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ನಾವು ಓದುವುದೆಲ್ಲ ಅಮೆರಿಕದವರು ಬರೆದದ್ದು. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಬಿಲ್ಲು ಕನಿಷ್ಠ ಇಷ್ಟು ಪೌಂಡ್ ಇರಬೇಕೆಂಬ ನಿಯಮವಿದೆ, ಕೆಲವೆಡೆ ಅದು 40. ನಮ್ಮಲ್ಲಿ 1972ರ ಕಾಯ್ದೆಯ ಪ್ರಕಾರ ಬೇಟೆಯೇ ನಿಷಿದ್ಧ. ಹದಿನೆಂಟು ಮೀಟರ್ ದೂರದ ಕಾಗದ ಹರಿಯಲು ಜಿಂಕೆ ಕೊಲ್ಲುವಷ್ಟು ಬಲ ಯಾಕೆ ಬೇಕು?

"ಮೊದಲೇ ಭಾರದ್ದು ತಗೊಳ್ಳಿ, ಮತ್ತೆ ಮತ್ತೆ ಖರ್ಚು ಯಾಕೆ" ಅನ್ನುವವರಿದ್ದಾರೆ. ಅದಕ್ಕೇ ಟೇಕ್‌ಡೌನ್ ಅಂತ ಇದೆಯಲ್ಲ! ನಡುವಿನ ಹಿಡಿ ಒಂದೇ, ಮೇಲೆ ಕೆಳಗೆ ಲಿಂಬ್ ಬಿಚ್ಚಿ ಬದಲಿಸಬಹುದು. ನನ್ನದು ಅಖಂಡ ಬಿಲ್ಲು, ಬದಲಿಸುವ ಮಾತೇ ಇಲ್ಲ. ಜೊತೆಗೆ ಅದು 60 ಇಂಚಿನ ಗಿಡ್ಡ, ನನ್ನ ಉದ್ದ ಕೈಗೆ ಎಳೆದರೆ ಹೆದೆ ಚೂಪಾಗಿ ಮಡಚಿ ಬೆರಳು ಹಿಂಡುತ್ತಿತ್ತು. ನನ್ನಂಥವರಿಗೆ 68 ಬೇಕು. ಬಾಣ ಮಾತ್ರ ಬಿಲ್ಲಿನ ಜೊತೆಗೇ ಹೊಂದಿಸಿಕೊಳ್ಳಿ. ಹಗುರ ಬಿಲ್ಲಿಗೆ ಗಡುಸು ಬಾಣ ಹಾಕಿದರೆ ಬಲಗೈಯವರದ್ದು ಎಡಕ್ಕೇ ಹೋಗುತ್ತದೆ. ಹಳೆಯ ಬಾಣದಿಂದಲೇ ಮುಗಿಸೋಣ ಎಂಬ ಜಿಪುಣತನದಿಂದ ಇದೂ ಕಲಿತಾಯಿತು.

ಈಗ ನನ್ನದು 68 ಇಂಚು, 24 ಪೌಂಡು. ಲೆನ್ಸಿಲ್ಲ, ಕೊಕ್ಕೆಯಿಲ್ಲ, ಬೆರಳಿಗೊಂದು ತೊಗಲಿನ ತುಂಡು. ಎಳೆದು ಗಲ್ಲಕ್ಕೆ ತಂದು ಒಂದೆರಡು ಉಸಿರು ನಿಲ್ಲಬಲ್ಲೆ, ಕೈ ನಡುಗುವುದಿಲ್ಲ. ಕಾಂಪೌಂಡಿನ ಅರ್ಧ ಅಂಕವೂ ಬರುವುದಿಲ್ಲ, ಆದರೆ ಭಾನುವಾರ ಐದೂವರೆಗೇ ಎಚ್ಚರವಾಗುತ್ತದೆ.

ಮೊನ್ನೆ ಆ ಹುಡುಗಿ 26 ಪೌಂಡಿನ ಲಿಂಬ್ ಹಾಕಿಕೊಂಡು ಬಂದಿದ್ದಳು. "ಕಾಕಾ, ತುಮ್ಹೀ?" ಅಂತ ಕೇಳಿದಳು. ದೀಪಾವಳಿ ಆದಮೇಲೆ ನೋಡೋಣ ಅಂದೆ.