'ಎ' ಏಕವಚನಕ್ಕೆ, 'ದಿ' ಬಹುವಚನಕ್ಕೆ: ಈ ಸೂತ್ರ ಸರಿಯೇ?

ಅರ್ಧ ಮಾತ್ರ ಸರಿ. 'ಎ ಫ್ಯೂ ಬುಕ್ಸ್' ಥರದ ಕೆಲವನ್ನು ಬಿಟ್ಟರೆ ಇಂಗ್ಲಿಷಿನ 'ಎ', 'ಆ್ಯನ್' ಏಕವಚನಕ್ಕೇ ಮೀಸಲು. 'ದಿ' ಎರಡಕ್ಕೂ ಸಲ್ಲುತ್ತದೆ. ಅದು ಹೇಳುವುದು ಸಂಖ್ಯೆಯನ್ನಲ್ಲ, ಗುರುತನ್ನು. ಶಿವಮೊಗ್ಗದ ರವೀಂದ್ರನಗರದಲ್ಲಿ ಒಂದು ಬಾಡಿಗೆ ಜಾಹೀರಾತು ಊಹಿಸಿಕೊಳ್ಳಿ. 'ಎ ಹೌಸ್' ಎಂದರೆ ಯಾವುದೋ ಒಂದು ಮನೆ. 'ಹೌಸಸ್' ಎಂದರೆ ಹಲವು. 'ದಿ ಹೌಸ್' ಎಂದರೆ ಓದುವವರಿಗೆ ಆಗಲೇ ಗೊತ್ತಿರುವ ಮನೆ. 'ಎ ಹೌಸಸ್' ಎಂದು ಹಾಕಿದರೆ ಮನೆ ಒಂದೋ ನಾಲ್ಕೋ ಎಂದು ಕೇಳುವ ಫೋನುಗಳೇ ಬರುತ್ತವೆ.

ಈ ತೊಡಕಿಗೆ ದಡ್ಡತನ ಕಾರಣವಲ್ಲ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ. 'ಬಸ್ ಬಂತು' ಎಂದರೆ ಸಾಕು. 'ಐದು ಪುಸ್ತಕ ಕೊಡಿ' ಎನ್ನುವಾಗ 'ಗಳು' ಕೂಡ ಬೇಕಿಲ್ಲ. ಇಂಗ್ಲಿಷಿನಲ್ಲಿ ಅದು 'ಬುಕ್ಸ್' ಆಗಲೇಬೇಕು. ಆದರೆ 'ಫರ್ನಿಚರ್' ಪದಕ್ಕೆ ಮುಂದೆ 'ಎ' ಇಲ್ಲ, ಕೊನೆಗೆ 'ಎಸ್' ಇಲ್ಲ, ಮೇಜು ಕುರ್ಚಿ ಎಣಿಸಲು ಬಂದರೂ!