ಹಿಮ್ಮಡಿಯ ಚಿತ್ರವೂ ಅದರ ಸಾಕ್ಷ್ಯವೂ

ಭೂದಾನಕ್ಕಾಗಿ 1951ರಿಂದ ವರ್ಷಗಟ್ಟಲೆ ನಾಡನ್ನು ಕಾಲ್ನಡಿಗೆಯಿಂದಲೇ ಸುತ್ತಿದ ಮಹನೀಯರ ಹೆಸರನ್ನು ಹೊತ್ತ ಶಿವಮೊಗ್ಗೆಯ ವಿನೋಬನಗರದಲ್ಲಿ ನಮ್ಮ ವಾಸ. ಇಲ್ಲಿಯೇ ನಮ್ಮ ನೆರೆಯ ತರುಣರೊಬ್ಬರಿಗೆ ಬೆಳಗ್ಗೆ ಹಾಸಿಗೆಯಿಂದಿಳಿದು ಹತ್ತು ಹೆಜ್ಜೆ ನಡೆಯುವುದೂ ದುಸ್ತರವಾಗಿದ್ದಿತು. ಹಿಮ್ಮಡಿಯ ಕ್ಷ-ಕಿರಣ ಚಿತ್ರದಲ್ಲಿ ದೋಷವೇನೂ ಕಾಣಲಿಲ್ಲ. ಪಾದರಕ್ಷೆ ಬದಲಿಸಿರೆಂಬ ಸಲಹೆ ದೊರೆಯಿತು. ಬೆಳಗಿನ ಹೊತ್ತು ಅವರ ನಡುವೂ ಸೆಡೆತು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದುದನ್ನು ಯಾರೂ ವಿಚಾರಿಸಿರಲಿಲ್ಲ.

ಕ್ಷ-ಕಿರಣವನ್ನು ದೂರಿ ಫಲವಿಲ್ಲ. ಅದು ಮೂಳೆಯನ್ನು ತೋರಿಸತಕ್ಕ ಸಾಧನ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಸೋರಿಯಾಸಿಸ್ಸಿನೊಡನೆ ಬರುವ ಸಂಧಿವಾತ ಮೊದಲಾದ ರೋಗಗಳಲ್ಲಿ, ಮೀನಖಂಡದ ಸ್ನಾಯುರಜ್ಜು ಹಿಮ್ಮಡಿಯ ಮೂಳೆಗೆ ಬೆಸೆದುಕೊಳ್ಳುವ ಠಾವಿಗೇ ಅನೇಕ ವೇಳೆ ಉರಿಯೂತ ಹಿಡಿಯುವುದುಂಟು. ಮೂಳೆ ಸವೆದು ಚಿತ್ರದಲ್ಲಿ ಕಾಣಿಸಿಕೊಳ್ಳುವುದು ಎಷ್ಟೋ ಕಾಲದ ಮೇಲೆ.

ಗರ್ಭಿಣಿಯರ ಪರೀಕ್ಷೆಯ ಮೂಲಕ ವಾಚಕರಿಗೆ ಪರಿಚಿತವಾಗಿರುವ ಶ್ರವಣಾತೀತ ಧ್ವನಿಯ 'ಸ್ಕ್ಯಾನಿಂಗ್' ಇಲ್ಲಿ ನೆರವಾಗಬಲ್ಲುದು. ಸೆಕೆಂಡಿಗೆ ಒಂದೂವರೆ ಕೋಟಿ ಕಂಪನಗಳುಳ್ಳ ಧ್ವನಿಯು ಮೃದು ಅಂಗಾಂಶಗಳಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ಚಲಿಸುವುದು. ಆದಕಾರಣ ಅದರ ತರಂಗದೂರ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ. ರಜ್ಜುವಿನ ಎಳೆಗಳ ವಿನ್ಯಾಸವೇ ಕಣ್ಣಿಗೆ ಬೀಳುತ್ತದೆ. 1842ರಲ್ಲಿ ಡಾಪ್ಲರನು ಜೋಡಿ ನಕ್ಷತ್ರಗಳ ಬಣ್ಣವನ್ನು ವಿವರಿಸಲು ಹೊರಟು ಮಂಡಿಸಿದ ತತ್ತ್ವದ ಬಲದಿಂದ ಹರಿಯುವ ರಕ್ತವೂ ತೋರುತ್ತದೆ. (ನಕ್ಷತ್ರಗಳ ಬಣ್ಣಕ್ಕೆ ಅವನು ಕೊಟ್ಟ ವಿವರಣೆ ತಪ್ಪು, ತತ್ತ್ವ ಮಾತ್ರ ಸರಿ.) ಆರೋಗ್ಯವಂತ ರಜ್ಜುವಿನ ಬುಡದಲ್ಲಿ ಸಾಮಾನ್ಯವಾಗಿ ಈ ಸಂಕೇತ ಇರದು. ಮೂಳೆಯ ಮೇಲ್ಮೈಯಿಂದ 2 ಮಿಲಿಮೀಟರಿನೊಳಗೆ ಅದು ಮಿನುಗಿದರೆ ಉರಿಯೂತದ ಶಂಕೆ ಬಲವಾಗುವುದು.

ನಮ್ಮ ತಕರಾರು ಇರುವುದು ಮುಂದಿನ ಮಾತಿನಲ್ಲಿ. ಧ್ವನಿಯು ಎಳೆಗಳಿಗೆ ಲಂಬವಾಗಿ ಬೀಳದೆ ಕೆಲವೇ ಡಿಗ್ರಿ ಓರೆಯಾದರೂ ಪ್ರತಿಧ್ವನಿ ಬೇರೆಡೆಗೆ ಚದರಿ, ಸ್ವಸ್ಥ ರಜ್ಜುವೂ ಕಪ್ಪಾಗಿ ರೋಗಗ್ರಸ್ತವೆಂಬಂತೆ ತೋರುವುದು. ಪಾದವನ್ನು ಮೇಲಕ್ಕೆ ಬಾಗಿಸಿ ರಜ್ಜುವನ್ನು ಬಿಗಿದರೆ, ಇಲ್ಲವೆ ಶೋಧಕವನ್ನು ಒತ್ತಿ ಹಿಡಿದರೆ, ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಂಡು ಇರುವ ರೋಗವೇ ಮರೆಯಾಗುವುದು. ಹಿಮ್ಮಡಿ ಒಂದೇ, ಹಿಡಿದ ಕೈಗೆ ತಕ್ಕಂತೆ ತೀರ್ಪು ಎರಡು!

ಅಳತೆಯನ್ನು ಬರೆದು ಅಳೆದ ಬಗೆಯನ್ನು ಬರೆಯದ ವಿದ್ಯಾರ್ಥಿಗೆ ಪ್ರಯೋಗಾಲಯದಲ್ಲಿ ನಾವು ಅಂಕ ಕೊಡುವುದಿಲ್ಲ. ಅವರ ಶಾಪವೂ ನಮಗೆ ತಪ್ಪಿದ್ದಲ್ಲ. ವೈದ್ಯಕೀಯ ವರದಿಗೆ ಈ ನಿಯಮ ಸಡಿಲವಾಗಬೇಕೇಕೆ? ಡಾಪ್ಲರ್ ಪರೀಕ್ಷೆ ನಡೆಯಿತೇ, ಆಗ ಪಾದ ಸಡಿಲವಾಗಿದ್ದಿತೇ ಎಂಬ ಎರಡು ಸಾಲುಗಳು ಪ್ರತಿಯೊಂದು ವರದಿಯಲ್ಲಿಯೂ ಇರತಕ್ಕದ್ದೆಂದು ನಮ್ಮ ಅಭಿಪ್ರಾಯ. ಅವಿಲ್ಲದ 'ನಾರ್ಮಲ್' ಎಂಬ ಪದವನ್ನು ನಂಬಿ ರೋಗಿಯು ಚಿಕಿತ್ಸೆಯ ಕಾಲವನ್ನೇ ಕಳೆದುಕೊಳ್ಳಬಹುದು. ವಿಪರೀತ ಓಡುವವರಲ್ಲಿಯೂ ರಜ್ಜು ದಪ್ಪವಾಗುವುದರಿಂದ, ಚಿತ್ರವನ್ನು ರೋಗಿಯ ಇತರ ಲಕ್ಷಣಗಳೊಡನೆ ಹೊಂದಿಸಿ ನೋಡಿ ಅರ್ಥೈಸುವ ಹೊಣೆ ವೈದ್ಯರದೇ ಸರಿ.

ನಮ್ಮ ನೆರೆಯವರು ಈ ಸಲ ನಡುವಿನ ಸೆಡೆತದ ಸಂಗತಿಯನ್ನೂ ಈ ಎರಡು ಪ್ರಶ್ನೆಗಳನ್ನೂ ಚೀಟಿಯಲ್ಲಿ ಬರೆದುಕೊಂಡೇ ವೈದ್ಯರಲ್ಲಿಗೆ ಹೊರಟಿದ್ದಾರೆ.