ಬಣ್ಣದ ಮೋಹಕ್ಕೆ ಕಣ್ಣು, ಕಿವಿಯ ಬಲಿ

ಆಸ್ಟ್ರೇಲಿಯನ್ ಶೆಫರ್ಡ್ ಎಂಬ ನಾಯಿಯ ಹೆಸರೇ ತಪ್ಪು ಕಲ್ಪನೆಗೆ ಎಡೆಮಾಡಿಕೊಡುತ್ತದೆ. ಈ ತಳಿ ರೂಪುಗೊಂಡದ್ದು ಆಸ್ಟ್ರೇಲಿಯಾದಲ್ಲಲ್ಲ. ಅಮೆರಿಕದ ಪಶ್ಚಿಮ ಭಾಗದಲ್ಲಿ, ಕುರಿ ಮತ್ತು ದನ ಮೇಯುವ ಬಯಲುಗಳಲ್ಲಿ. ಅಲ್ಲಿ ನಾಯಿಗೆ ಬೆಲೆ ಬರುತ್ತಿದ್ದುದು ಚದುರಿದ ಕುರಿಯನ್ನು ದೂರದಿಂದಲೇ ಗುರುತಿಸುವ ಕಣ್ಣಿನಿಂದ, ಒಡೆಯನ ಸಿಳ್ಳನ್ನು ಹಿಡಿಯುವ ಕಿವಿಯಿಂದ. ಅದೇ ತಳಿಯಲ್ಲಿ ಇಂದು ಕಣ್ಣು ಕಾಣದ, ಕಿವಿ ಕೇಳದ ಮರಿಗಳು ಹುಟ್ಟುತ್ತಿರುವುದಕ್ಕೆ ಪ್ರಕೃತಿಯನ್ನಷ್ಟೇ ದೂರುವುದು ನನಗೆ ಸರಿಯೆನಿಸುವುದಿಲ್ಲ.

ಈ ನಾಯಿಯ ದೊಡ್ಡ ಆಕರ್ಷಣೆ 'ಮರ್ಲ್' ಎಂಬ ಮೈಬಣ್ಣ. ಬೂದು ಅಥವಾ ತಿಳಿಗೆಂಪು ಮೈಮೇಲೆ ಶಾಯಿ ಚೆಲ್ಲಿದಂಥ ಕಲೆಗಳು, ಕೆಲವೊಮ್ಮೆ ನೀಲಿ ಕಣ್ಣು. ಒಂದು ವಂಶವಾಹಿಯೊಳಗೆ ಸೇರಿಕೊಂಡ ಡಿಎನ್‌ಎ ತುಣುಕು ಇದಕ್ಕೆ ಕಾರಣವೆಂಬುದನ್ನು ಅಮೆರಿಕದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ತಂದೆ-ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ತುಣುಕು ಬಂದರೆ ಮರಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಇಬ್ಬರಿಂದಲೂ ಬಂದರೆ ಮೈ ಬಹುಮಟ್ಟಿಗೆ ಬೆಳ್ಳಗಾಗುತ್ತದೆ, ಅಪಾಯವಿರುವುದು ಅಲ್ಲಿ.

ವರ್ಣಕೋಶಗಳ ಕೆಲಸ ಅಲಂಕಾರವಷ್ಟೇ ಅಲ್ಲ. ಒಳಗಿವಿಯ ದ್ರವದ ಲವಣಾಂಶವನ್ನು ಕಾಪಾಡುವುದರಲ್ಲಿ ಅವುಗಳ ಪಾತ್ರ ಮುಖ್ಯ. ಅವು ಇಲ್ಲವಾದರೆ ಶಬ್ದ ಗ್ರಹಿಸುವ ಸೂಕ್ಷ್ಮ ಕೋಶಗಳು ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ನಾಶವಾಗುತ್ತವೆ. ಕಣ್ಣಿನಲ್ಲಿಯೂ ಹಾಗೆಯೇ: ಗುಡ್ಡೆ ಚಿಕ್ಕದಾಗಿ ಉಳಿಯಬಹುದು, ಪಾಪೆ ವಿಕಾರಗೊಳ್ಳಬಹುದು, ದೃಷ್ಟಿಯೇ ಇಲ್ಲವಾಗಬಹುದು.

ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಈ ಗತಿ ಒದಗುವ ಸಂಭವವಿದೆ. ವಿಪರ್ಯಾಸವೆಂದರೆ, ಇದರಿಂದ ತಳಿಗಾರನಿಗೂ ಲಾಭವಿಲ್ಲ. ಮರ್ಲ್ ನಾಯಿಯನ್ನು ಮರ್ಲ್ ಅಲ್ಲದ ನಾಯಿಯೊಡನೆ ಕೂಡಿಸಿದರೂ ಅರ್ಧದಷ್ಟು ಮರಿಗಳು ಮರ್ಲ್ ಆಗಿ ಹುಟ್ಟುತ್ತವೆ. ಎರಡು ಮರ್ಲ್‌ಗಳನ್ನು ಕೂಡಿಸಿದರೂ ಆರೋಗ್ಯವಂತ ಮರ್ಲ್ ಮರಿಗಳ ಪ್ರಮಾಣ ಅಷ್ಟೇ. ಹೆಚ್ಚುವುದು ಅಂಗವೈಕಲ್ಯದ ಸಾಧ್ಯತೆ ಮಾತ್ರ. ಹೀಗಾಗಿ ಇದನ್ನು ಲೋಭವೆನ್ನುವುದಕ್ಕಿಂತ ಅಜ್ಞಾನ ಅಥವಾ ಉದಾಸೀನ ಎನ್ನುವುದೇ ಲೇಸು. ಇಂಥ ಜೋಡಿಗೆ ಹುಟ್ಟಿದ ಮರ್ಲ್ ಮರಿಗಳನ್ನು ನೋಂದಾಯಿಸಲು ಬ್ರಿಟನ್ನಿನ ಕೆನಲ್ ಕ್ಲಬ್ ನಿರಾಕರಿಸುತ್ತದೆ.

ಕಿವುಡು ನಾಯಿಯೂ ಕೈಸನ್ನೆ ಕಲಿತು ಸುಖವಾಗಿ ಬದುಕುತ್ತದೆ ಎನ್ನುವವರಿದ್ದಾರೆ. ಅದು ನಿಜ, ಅಂಥ ನಾಯಿಯನ್ನು ಸಾಕುವವರ ಬಗ್ಗೆ ನನಗೆ ಗೌರವವಿದೆ. ಆದರೆ ಹುಟ್ಟಿದ ಜೀವಕ್ಕೆ ತೋರುವ ಕರುಣೆ ಬೇರೆ, ತಪ್ಪಿಸಬಹುದಾದ ನೋವನ್ನು ತಿಳಿದೂ ತಿಳಿದೂ ಹುಟ್ಟಿಸುವುದು ಬೇರೆ. ಮೊದಲನೆಯದು ಎರಡನೆಯದಕ್ಕೆ ಸಮರ್ಥನೆಯಾಗಲಾರದು.

ನಮ್ಮ ದೇಶದಲ್ಲಿ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ತಳಿಗಾರರ ನೋಂದಣಿಯನ್ನು ಕಡ್ಡಾಯ ಮಾಡಿವೆ; ಎಂಟು ವಾರ ತುಂಬದ ಮರಿಯ ಮಾರಾಟವನ್ನು ನಿಷೇಧಿಸಿವೆ. ಆದರೆ ಕೊಳ್ಳುವವರು ಪ್ರಶ್ನಿಸದಿದ್ದರೆ ನಿಯಮ ಕಡತದಲ್ಲೇ ಉಳಿಯುತ್ತದೆ. ಮರಿಯ ತಂದೆ-ತಾಯಿಯ ಬಣ್ಣವೇನು? ಕೆಲವು ನಾಯಿಗಳಲ್ಲಿ ಮರ್ಲ್ ಕಣ್ಣಿಗೆ ಕಾಣದಷ್ಟು ಮಸುಕಾಗಿರುವುದರಿಂದ, ಅವುಗಳ ಡಿಎನ್‌ಎ ಪರೀಕ್ಷೆ ಆಗಿದೆಯೇ? ಮರಿಯ ಕಣ್ಣು, ಕಿವಿಗಳನ್ನು ಪಶುವೈದ್ಯರು ಪರೀಕ್ಷಿಸಿದ್ದಾರೆಯೇ? ಮುಂಗಡ ಕೊಡುವ ಮುನ್ನ ಈ ಮೂರು ಪ್ರಶ್ನೆಗಳನ್ನು ಕೇಳೋಣ. ಉತ್ತರ ಸಿಗದ ಕಡೆ, ಮರಿ ಎಷ್ಟೇ ಚೆಲುವಾಗಿರಲಿ, ಬರಿಗೈಯಲ್ಲಿ ಹಿಂದಿರುಗೋಣ.